ಕೊಂಡಿ ಕಳಚುವ ಮೊದಲು ಮಟ್ಟ ನೋಡಿ

(ಅಮೆರಿಕದಲ್ಲಿ ಟ್ರೇಲರ್, ಅಂದರೆ ಟ್ರಕ್ಕಿನ ಹಿಂದೆ ಕಟ್ಟುವ ಚಕ್ರದ ಮನೆ, ಎಳೆದುಕೊಂಡು ತಿರುಗುವ ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರ. ಬೇಸಿಗೆ ರಜೆ ಹತ್ತಿರ ಬಂತಲ್ಲ, ಈ ಸಲದ ಪತ್ರಗಳೆಲ್ಲ ಹೆಚ್ಚುಕಡಿಮೆ ಟ್ರೇಲರ್ ಮಟ್ಟ ಮಾಡುವುದರ ಸುತ್ತಲೇ ಇವೆ. ಹಾಗಾಗಿ ಒಟ್ಟಿಗೇ ತೆಗೆದುಕೊಂಡಿದ್ದೇನೆ.)

ಪ್ರಶ್ನೆ: ಮೇಡಂ, ನಾವು 22 ಅಡಿಯ ಸೆಕೆಂಡ್ ಹ್ಯಾಂಡ್ ಟ್ರೇಲರ್ ಕೊಂಡಿದ್ದೇವೆ. ಕ್ಯಾಂಪ್‌ಸೈಟ್ ತಲುಪಿದ ಮೇಲೆ ಮಟ್ಟ ಮಾಡುವಷ್ಟರಲ್ಲಿ ಕತ್ತಲಾಗಿರುತ್ತದೆ, ಜೊತೆಗೆ ಜಗಳ ಬೇರೆ. ನಮ್ಮ ಯಜಮಾನರು ಹೋದ ತಕ್ಷಣ ಟ್ರಕ್ ಬಿಡಿಸಿಬಿಡುತ್ತಾರೆ. ಆಮೇಲೆ ನೋಡಿದರೆ ಎಡಗಡೆ ತಗ್ಗು. ಮತ್ತೆ ಜೋಡಿಸು, ಮತ್ತೆ ಕಳಚು. ಸರಿಯಾದ ಕ್ರಮ ಯಾವುದು ಹೇಳಿ. (ಓದುಗರೊಬ್ಬರು, ಫ್ರೀಮಾಂಟ್)

ಉತ್ತರ: ಜಗಳದ ಮೂಲ ನಿಮ್ಮ ಪತ್ರದಲ್ಲೇ ಇದೆಯಲ್ಲಮ್ಮ. ಎಡ-ಬಲದ ಓರೆ ಸರಿ ಮಾಡಬೇಕಾದರೆ ತಗ್ಗಾದ ಕಡೆಯ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಬೇಕು. ಹತ್ತಿಸುವುದು ಟ್ರಕ್ಕು. ಅದನ್ನೇ ಬಿಡಿಸಿ ಕಳಿಸಿದರೆ ಹತ್ತಿಸುವವರು ಯಾರು? ಹಿಂದು-ಮುಂದಿನ ಓರೆಗೆ ಟ್ರಕ್ ಬೇಕಿಲ್ಲ, ಗಾಡಿಯ ಮೂತಿಯನ್ನು ಏರಿಸಿ ಇಳಿಸುವ ಟಂಗ್ ಜಾಕ್ ಸಾಕು. ಆದ್ದರಿಂದ ಮೊದಲು ಎಡ-ಬಲ, ಆಮೇಲೆ ಚಕ್ರಕ್ಕೆ ಅಡ್ಡ, ಆಮೇಲೆ ಕೊಂಡಿ ಕಳಚುವುದು, ಆಮೇಲೆ ಹಿಂದು-ಮುಂದು, ಕೊಟ್ಟಕೊನೆಗೆ ಗಾಡಿ ಅಲುಗದಂತೆ ಆತುಕೊಳ್ಳುವ ನಾಲ್ಕು ಮೂಲೆಯ ಸ್ಟೆಬಿಲೈಸರ್. ಯಜಮಾನರಿಗೆ ಇದನ್ನು ಓದಿ ಹೇಳಿ, ನಾನು ಹೇಳಿದೆ ಎಂದೇ ಹೇಳಿ.

ಎಷ್ಟು ಎತ್ತಬೇಕು ಎಂಬುದನ್ನು ಕಣ್ಣಳತೆಗೆ ಬಿಡಬೇಡಿ. ನಮ್ಮ ತಂದೆ ತಿಪಟೂರಿನ ಕಡೆ ಮನೆ ಕಟ್ಟಿಸುವ ಗುತ್ತಿಗೆದಾರರಾಗಿದ್ದರು. ಅವರ ಮೇಸ್ತ್ರಿಗಳು ಮಾಡುತ್ತಿದ್ದ ಒಂದು ಉಪಾಯವನ್ನೇ ನಾನು ಇಲ್ಲಿ ಸ್ಯಾಕ್ರಮೆಂಟೋದಿಂದ ಹೊರಟಾಗಲೂ ಮಾಡುವುದು. ಮೂರಡಿ ರಸಮಟ್ಟವನ್ನು ಟ್ರೇಲರ್ ಒಳಗೆ ನೆಲದ ಮೇಲೆ ಅಡ್ಡಡ್ಡ ಇಡಿ. ಗುಳ್ಳೆ ಎತ್ತರದ ಕಡೆಗೆ ಓಡುತ್ತದೆ. ತಗ್ಗಿನ ಕಡೆಯ ತುದಿಯನ್ನು ಬೆರಳಿನಿಂದ ನಿಧಾನಕ್ಕೆ ಎತ್ತುತ್ತಾ ಹೋಗಿ, ಗುಳ್ಳೆ ಎರಡು ಗೆರೆಗಳ ನಡುವೆ ನಿಂತಾಗ ಆ ತುದಿಯ ಕೆಳಗಿನ ಸಂದನ್ನು ಅಳೆಯಿರಿ. ಎಡ-ಬಲ ಚಕ್ರಗಳ ನಡುವೆ ಸುಮಾರು ಆರಡಿ ಇರುತ್ತದೆ, ರಸಮಟ್ಟ ಮೂರಡಿ. ಸಂದು ಮುಕ್ಕಾಲು ಇಂಚು ಬಂದರೆ ಚಕ್ರದ ಕೆಳಗೆ ಒಂದೂವರೆ ಇಂಚು ಬೇಕು. ಮುಗಿಯಿತು ಲೆಕ್ಕ. ಫೋನಿನಲ್ಲಿ ಡಿಗ್ರಿ ನೋಡುವ ಅಭ್ಯಾಸವಿದ್ದರೆ, ಆರಡಿಗೆ ಒಂದು ಡಿಗ್ರಿ ಎಂದರೆ ಒಂದೂಕಾಲು ಇಂಚು ಎಂದಿಟ್ಟುಕೊಳ್ಳಿ.

ಆ ಒಂದೂವರೆ ಇಂಚಿಗೆ ಒಂದು ಹಲಗೆ ಸರಿಯಾಗುತ್ತದೆ. ಇಲ್ಲಿನ ಅಂಗಡಿಯಲ್ಲಿ ‘ಟು ಬೈ ಟೆನ್’ ಎಂದು ಮಾರುವ ಹಲಗೆಯ ನಿಜವಾದ ದಪ್ಪ ಒಂದೂವರೆ ಇಂಚು, ಅಗಲ ಒಂಬತ್ತೂಕಾಲು. ‘ಟು ಬೈ ಎಯ್ಟ್’ ತರಬೇಡಿ. ಅದರ ಅಗಲ ಏಳೂಕಾಲೇ ಇಂಚು. ಟ್ರೇಲರ್ ಟೈರುಗಳು ಸಾಮಾನ್ಯವಾಗಿ ಅದಕ್ಕಿಂತ ಅಗಲ, ಅಂಚು ಹೊರಗೆ ಚಾಚಿಕೊಳ್ಳುತ್ತದೆ. ಟೈರು ಪೂರ್ತಿ ಹಲಗೆಯ ಮೇಲೆ ಕೂರಬೇಕು, ಹಿಂದೆ ಮುಂದೆಯೂ ಜೋತುಬೀಳಬಾರದು. ನಿಮ್ಮದು ಎರಡು ಆಕ್ಸಲ್‌ನ ಗಾಡಿಯಾದರೆ ಆ ಪಕ್ಕದ ಎರಡೂ ಚಕ್ರಗಳ ಕೆಳಗೆ ಹಲಗೆ ಬರಬೇಕು. ಒಂದಕ್ಕೆ ಮಾತ್ರ ಕೊಟ್ಟರೆ ಭಾರವೆಲ್ಲ ಅದರ ತಲೆಗೆ. ಹಲಗೆಯ ತುದಿಯನ್ನು ಓರೆಯಾಗಿ ಕೊಯ್ಯಿಸಿಕೊಂಡರೆ ಚಕ್ರ ಸಲೀಸಾಗಿ ಹತ್ತುತ್ತದೆ. ಪ್ಲಾಸ್ಟಿಕ್ ಬ್ಲಾಕುಗಳೂ ಬರುತ್ತವೆ, ಒಂದಕ್ಕೊಂದು ಕಚ್ಚಿಕೊಳ್ಳುವಂಥವು. ಹಗುರ, ತೊಳೆದರೆ ಶುಭ್ರ. ಆದರೆ ಮೆದು ಮಣ್ಣಿನಲ್ಲಿ ನನಗೆ ಮರವೇ ಇಷ್ಟ.

ಕ್ರಮ ಹೀಗೆ: ನಿಲ್ಲಬೇಕಾದ ಜಾಗದಲ್ಲಿ ಒಮ್ಮೆ ನಿಲ್ಲಿಸಿ, ಮಟ್ಟ ನೋಡಿ, ಟೈರಿನ ಪಕ್ಕ ಒಂದು ಕಲ್ಲಿಟ್ಟು ಗುರುತು ಮಾಡಿ. ಒಂದು ಗಾಡಿಯಷ್ಟೇನೂ ಬೇಡ, ಹಲಗೆ ಹಿಡಿಸುವಷ್ಟು ಮುಂದಕ್ಕೆ ಹೋಗಿ. ಹಲಗೆ ಇಟ್ಟು ಹಿಂದಕ್ಕೆ ಬನ್ನಿ. ಇಳಿದು ನಿಂತವರು ಡ್ರೈವರನ ಕನ್ನಡಿಯಲ್ಲಿ ಕಾಣುವಂತಿರಬೇಕು, ಮಾತು ಬಿಎಂಟಿಸಿ ಕಂಡಕ್ಟರರಷ್ಟೇ ಇರಬೇಕು: ‘ಬರ್ಲಿ, ಬರ್ಲಿ, ಹೋಲ್ಡಾನ್!’ ‘ಸ್ವಲ್ಪ ಆ ಕಡೆ, ಅಲ್ಲ ರೀ, ಆ ಕಡೆ ಅಂದ್ರೆ ಈ ಕಡೆ’ ಅಂತ ಶುರುವಾಯಿತೋ, ಪಕ್ಕದ ಸೈಟಿನವರು ಕುರ್ಚಿ ತಿರುಗಿಸಿಕೊಂಡು ಕೂರುತ್ತಾರೆ.

ಎಡ-ಬಲ ಸರಿಯಾಯಿತು ಅಂದಮೇಲೆ ಚಕ್ರಕ್ಕೆ ಅಡ್ಡ ಕೊಡಿ. ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಕ್ಲೀನರ್ ಮೊದಲು ಓಡಿಬಂದು ಟೈರಿಗೆ ಕಲ್ಲು ಕೊಡುತ್ತಾನಲ್ಲ, ಅದೇ ಕೆಲಸ. ಇಲ್ಲಿ ಕಲ್ಲಿನ ಬದಲು ವೀಲ್ ಚಾಕ್. ಎರಡೂ ಪಕ್ಕದ ಚಕ್ರಗಳಿಗೆ, ಹಿಂದೆಯೂ ಮುಂದೆಯೂ. ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕು ಟ್ರಕ್ಕಿನಿಂದ ಬರುವ ವೈರಿನ ಮೇಲೆ ನಡೆಯುವಂಥದು, ವೈರು ಕಿತ್ತ ಮೇಲೆ ಅದಕ್ಕೆ ಹಿಡಿತವಿಲ್ಲ. ಕೆಲವರು ಬ್ರೇಕ್‌ಅವೇ ಸ್ವಿಚ್ಚಿನ ಪಿನ್ ಎಳೆದು ಅದನ್ನೇ ಪಾರ್ಕಿಂಗ್ ಬ್ರೇಕ್ ಮಾಡಿಕೊಳ್ಳುತ್ತಾರೆ. ಅದು ಓಡುವಾಗ ಕೊಂಡಿ ತಪ್ಪಿದರೆ ಕಾಯಲು ಇರುವುದು. ಹಾಗೇ ಬಿಟ್ಟರೆ ಬ್ಯಾಟರಿ ಬರಿದಾಗುತ್ತದೆ, ಬ್ಯಾಟರಿ ಬರಿದಾದ ಮೇಲೆ ಬ್ರೇಕೂ ಇಲ್ಲ.

ಟಂಗ್ ಜಾಕಿನ ಪಾದ ಅಂಗೈಗಿಂತ ಸ್ವಲ್ಪ ದೊಡ್ಡದು, ಅದರಡಿ ಒಂದು ಮರದ ತುಂಡು ಹಾಕಿ. ಕೊಂಡಿಯ ಚಿಲಕ ತೆಗೆದು, ಗಾಡಿಯ ಮೂತಿಯನ್ನು ಬಾಲಿನಿಂದ, ಅಂದರೆ ಟ್ರಕ್ಕಿನ ಹಿಂದೆ ಕೊಂಡಿ ಕೂರುವ ಲೋಹದ ಗುಂಡಿನಿಂದ, ಮೇಲೆತ್ತಿ. ಸೇಫ್ಟಿ ಚೈನನ್ನು ಮಾತ್ರ ಆಗಲೇ ಬಿಚ್ಚಬೇಡಿ. ಬಾಲಿನಿಂದ ಬಿಟ್ಟ ಕ್ಷಣ ಟ್ರೇಲರ್ ಒಂದಿಷ್ಟು ಜರುಗಿ ಚಾಕಿಗೆ ಒರಗುತ್ತದೆ. ಅಲ್ಲೇ ನಿಂತಿತು ಎಂದು ಖಾತ್ರಿಯಾದ ಮೇಲೆ ಚೈನು. ಮೂತಿಯ ಭಾರವನ್ನು ಸ್ಪ್ರಿಂಗ್ ಬಾರುಗಳಿಂದ ಹಂಚುವ ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಇದ್ದವರು ಕೊಂಡಿ ಸೇರಿದ್ದಾಗಲೇ ಜಾಕಿನಿಂದ ಟ್ರಕ್ಕಿನ ಹಿಂಭಾಗವನ್ನೂ ಸೇರಿಸಿ ಎತ್ತಿ, ಸ್ಪ್ರಿಂಗ್ ಬಾರಿನ ಬಿಗಿ ಸಡಿಲಾದ ಮೇಲೆಯೇ ಅದನ್ನು ತೆಗೆಯಬೇಕು. ಬಿಗಿಯಿದ್ದಾಗ ತೆಗೆದರೆ ಮೊಣಕಾಲಿಗೆ ಬಡಿಯುತ್ತದೆ. ಆಮೇಲೆ ರಸಮಟ್ಟವನ್ನು ಉದ್ದುದ್ದ ತಿರುಗಿಸಿಟ್ಟು, ಮೂತಿಯನ್ನು ಏರಿಸಿಯೋ ಇಳಿಸಿಯೋ ಗುಳ್ಳೆ ನಡುವೆ ತನ್ನಿ. ಸ್ಲೈಡ್ ಔಟ್ (ಹೊರಚಾಚಿ ಕೋಣೆ ಅಗಲಿಸುವ ಗೋಡೆ) ಇದ್ದರೆ ಅದನ್ನು ಹೊರಗೆ ತಳ್ಳುವುದು ಮಟ್ಟವಾದ ಮೇಲೆಯೇ.

ಪ್ರಶ್ನೆ: ಸೈಟಿನಲ್ಲಿ ಹಿಂದಿನ ಬಲ ಮೂಲೆ ತಗ್ಗಾಗಿತ್ತು. ಆ ಮೂಲೆಯ ಸ್ಟೆಬಿಲೈಸರ್ ಜಾಕನ್ನೇ ತಿರುಗಿಸಿ ಎತ್ತಿದೆ. ಮಟ್ಟವೇನೋ ಬಂತು, ಬಾಗಿಲು ಹಾಕಿಕೊಳ್ಳುತ್ತಿಲ್ಲ! (ಓದುಗರೊಬ್ಬರು, ಡಾಲಸ್)

ಉತ್ತರ: ಬಾಗಿಲು ಸರಿಯಾಗಿಯೇ ಇದೆ, ಚೌಕಟ್ಟು ತಿರುಚಿಕೊಂಡಿದೆ. ಸ್ಟೆಬಿಲೈಸರ್ ಇರುವುದು ಒಳಗೆ ಓಡಾಡಿದಾಗ ಗಾಡಿ ಅಲುಗದಂತೆ ಆತುಕೊಳ್ಳಲು, ಭಾರ ಎತ್ತಲು ಅಲ್ಲ. ಭಾರ ಹೊರಬೇಕಾದ್ದು ಚಕ್ರ ಮತ್ತು ಟಂಗ್ ಜಾಕ್. ಎಲ್ಲ ಸ್ಟೆಬಿಲೈಸರುಗಳನ್ನೂ ಬಿಚ್ಚಿ, ಮೇಲೆ ಹೇಳಿದ ಕ್ರಮದಲ್ಲಿ ಚಕ್ರದಿಂದ ಶುರುಮಾಡಿ. ಕೊನೆಗೆ ಒಂದೊಂದನ್ನೂ ನೆಲ ಮುಟ್ಟುವವರೆಗೆ ಇಳಿಸಿ, ಇನ್ನು ಸ್ವಲ್ಪ ಬಿಗಿ ಮಾಡಿ ನಿಲ್ಲಿಸಿ. ಬಾಗಿಲು ತಾನಾಗಿ ಸರಿಹೋಗಬೇಕು. ಆಗಲೂ ಹಾಕಿಕೊಳ್ಳದಿದ್ದರೆ ಫ್ರೇಮನ್ನು ಬಲ್ಲವರಿಗೆ ತೋರಿಸಿ.

ಪ್ರಶ್ನೆ: ಮಟ್ಟವಿಲ್ಲದಿದ್ದರೆ ಫ್ರಿಜ್ ಹಾಳಾಗುತ್ತದೆ ಎಂದು ಗಾಡಿ ಮಾರಿದವರು ಹೆದರಿಸಿದರು. ನನ್ನ ಗೆಳೆಯ ನಗುತ್ತಾನೆ. ಗುಡ್ಡ ಹತ್ತಿ ಇಳಿಯುವಾಗ ಹಾಳಾಗದ ಫ್ರಿಜ್ ನಿಂತಾಗ ಯಾಕೆ ಹಾಳಾಗಬೇಕು ಅನ್ನುತ್ತಾನೆ. ಯಾರ ಮಾತು ನಿಜ? (ಓದುಗರೊಬ್ಬರು, ಸ್ಯಾನ್ ಹೋಸೆ)

ಉತ್ತರ: ಮಾರಿದವರ ಮಾತು ನಿಜ. ಆದರೆ ಗೆಳೆಯರ ಪ್ರಶ್ನೆ ಒಳ್ಳೆಯದು.

ಗ್ಯಾಸಿನಲ್ಲೂ ನಡೆಯುವ ಟ್ರೇಲರ್ ಫ್ರಿಜ್ಜಿಗೆ ಕಂಪ್ರೆಸರ್ ಇಲ್ಲ, ಪಂಪಿಲ್ಲ. ಒಳಗೆ ಅಮೋನಿಯಾ, ನೀರು, ಹೈಡ್ರೋಜನ್ ಮುಚ್ಚಿದ ಕೊಳವೆಗಳಲ್ಲಿ ಇರುತ್ತವೆ. ತಳದ ಬಾಯ್ಲರನ್ನು ಪ್ರೊಪೇನ್ ಉರಿಯೋ ವಿದ್ಯುತ್ ಹೀಟರೋ ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಹೈಡ್ರೋಜನ್ ಇರುವ ಕೊಳವೆಯಲ್ಲಿ ಮತ್ತೆ ಆವಿಯಾಗುತ್ತಾ ಒಳಗಿನ ಶಾಖ ಹೀರುತ್ತದೆ. ಆಮೇಲೆ ನೀರಿನಲ್ಲಿ ಕರಗಿ, ಇಳಿಜಾರು ಕೊಳವೆಗಳಲ್ಲಿ ಹರಿದು ಬಾಯ್ಲರಿಗೆ ವಾಪಸು. ಉರಿಯಿಂದ ತಂಪು ತೆಗೆಯುವ ಈ ಯಂತ್ರವನ್ನು 1922ರಲ್ಲಿ ಸ್ಟಾಕ್‌ಹೋಮಿನಲ್ಲಿ ಕಟ್ಟಿದವರು ಬಾಲ್ಟ್ಸಾರ್ ಫಾನ್ ಪ್ಲಾಟೆನ್, ಕಾರ್ಲ್ ಮುಂಟರ್ಸ್ ಎಂಬ ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು. ತಲೆಯೆಂದರೆ ಅದು.

ವಾಪಸು ಹರಿಯುವುದು ಗುರುತ್ವದಿಂದ ಮಾತ್ರ. ಗಾಡಿ ಓರೆಯಾಗಿ ನಿಂತರೆ ದ್ರವ ಎಲ್ಲೋ ಮೂಲೆಯಲ್ಲಿ ಮಡುಗಟ್ಟುತ್ತದೆ, ಬಾಯ್ಲರಿಗೆ ಬರುವುದು ನಿಲ್ಲುತ್ತದೆ, ಉರಿ ಮಾತ್ರ ಉರಿಯುತ್ತಲೇ ಇರುತ್ತದೆ. ಕೊಳವೆಗೆ ತುಕ್ಕು ಹಿಡಿಯದಿರಲೆಂದು ಬೆರೆಸಿರುವ ಸೋಡಿಯಂ ಕ್ರೋಮೇಟ್ ಆ ಅತಿ ಕಾವಿಗೆ ಹರಳುಗಟ್ಟಿ ದಾರಿ ಕಟ್ಟುತ್ತದೆ. ಆ ಹರಳು ಮತ್ತೆ ಕರಗುವುದಿಲ್ಲ. ಈ ಸಲ ಸ್ವಲ್ಪ, ಮುಂದಿನ ಸಲ ಸ್ವಲ್ಪ, ಕೊನೆಗೊಂದು ದಿನ ಇಡ್ಲಿ ಹಿಟ್ಟು ಫ್ರಿಜ್ಜಿನೊಳಗೇ ಉಕ್ಕಿರುತ್ತದೆ. ರಸ್ತೆಯಲ್ಲಿ ಹೋಗುವಾಗ ಏನಾಗುತ್ತದೆಂದರೆ, ಕುಲುಕಾಟದಲ್ಲಿ ದ್ರವ ಒಂದೇ ಕಡೆ ಮಡುಗಟ್ಟಿ ನಿಲ್ಲುವುದಿಲ್ಲ. ಗೆಳೆಯರಿಗೆ ಇಷ್ಟು ಹೇಳಿ.

ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಎಡ-ಬಲಕ್ಕೆ 3 ಡಿಗ್ರಿ, ಹಿಂದು-ಮುಂದಿಗೆ 6 ಡಿಗ್ರಿ. ಇಲ್ಲೊಂದು ಎಡವಟ್ಟಿದೆ, ಬಹಳ ಜನ ಗಮನಿಸುವುದಿಲ್ಲ. ಆ ಎಡ-ಬಲ ಫ್ರಿಜ್ಜಿನದು, ಅದರ ಬಾಗಿಲಿಗೆ ಎದುರಾಗಿ ನಿಂತವರಿಗೆ ಕಾಣುವ ಎಡ-ಬಲ. ಟ್ರೇಲರಿನಲ್ಲಿ ಫ್ರಿಜ್ಜನ್ನು ಹೆಚ್ಚಾಗಿ ಪಕ್ಕದ ಗೋಡೆಗೆ ಕೂರಿಸಿರುತ್ತಾರೆ. ಅಂದರೆ ಫ್ರಿಜ್ಜಿನ ಎಡ-ಬಲ ಎಂದರೆ ಗಾಡಿಯ ಹಿಂದು-ಮುಂದು! ಮೂತಿ ಎತ್ತಿಕೊಂಡಿದ್ದರೂ ಎಡ-ಬಲ ಸರಿಯಿದೆಯಲ್ಲ ಎಂದು ಸುಮ್ಮನಾದವರ ಫ್ರಿಜ್ಜೇ ಮೊದಲು ಕೈಕೊಡುವುದು. ನಿಮ್ಮ ಫ್ರಿಜ್ಜಿನ ಕೈಪಿಡಿ ತೆಗೆದು ನೋಡಿ. ರಸಮಟ್ಟವನ್ನು ಒಮ್ಮೆ ಫ್ರೀಜರಿನ ತಳದಲ್ಲೂ ಇಟ್ಟು ನೋಡಿ.

ಹೊರಗಿನ ಗಾಳಿಕಿಂಡಿಯ ಮುಚ್ಚಳ ತೆಗೆದಾಗ ಹಳದಿ ಪುಡಿ ಕಂಡರೆ, ಅಮೋನಿಯಾದ ಘಾಟು ಬಂದರೆ, ಫ್ರಿಜ್ ಆರಿಸಿ, ಬಾಗಿಲು ಕಿಟಕಿ ತೆರೆದು ಹೊರಗೆ ಬನ್ನಿ. ಆ ಪುಡಿ ವಿಷ, ಮುಟ್ಟಬೇಡಿ. ಈಚಿನ ಅನೇಕ ಟ್ರೇಲರುಗಳಲ್ಲಿ ಬರುವ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ಜಿಗೆ ಮಟ್ಟದ ಈ ಕಟ್ಟುನಿಟ್ಟಿಲ್ಲ. ಅದರ ಹಸಿವೆಲ್ಲ ಬ್ಯಾಟರಿಯ ಮೇಲೆ.

ಪ್ರಶ್ನೆ: ಖಾಸಗಿ ಪಾರ್ಕುಗಳಲ್ಲಿ ಜಾಗ ಕೇರಂ ಬೋರ್ಡಿನ ಹಾಗಿರುತ್ತದೆ. ನ್ಯಾಷನಲ್ ಪಾರ್ಕುಗಳಲ್ಲಿ ಯಾಕೆ ಇಷ್ಟು ಇಕ್ಕಟ್ಟು, ಇಷ್ಟು ಓರೆ? ಬುಕ್ ಮಾಡುವಾಗಲೇ ತಿಳಿಯುವ ದಾರಿ ಇದೆಯೇ? (ಓದುಗರೊಬ್ಬರು, ಮಿಲ್ಪಿಟಸ್)

ಉತ್ತರ: ಆ ಜಾಗಗಳನ್ನು ಮರಗಳಿಗೋಸ್ಕರ ಮಾಡಿದ್ದು, ನಮಗೋಸ್ಕರ ಅಲ್ಲ. 1920ರ ದಶಕದಲ್ಲಿ ಜನ ಕಾರನ್ನು ಮರದ ಬುಡಕ್ಕೇ ಓಡಿಸಿಕೊಂಡು ಹೋಗಿ ಟೆಂಟು ಹಾಕುತ್ತಿದ್ದರು. ಮಣ್ಣು ಗಟ್ಟಿಯಾಗಿ ಬೇರಿಗೆ ಪೆಟ್ಟು ಬೀಳುತ್ತಿತ್ತು. ಇ. ಪಿ. ಮೈನೆಕೆ ಎಂಬ ಸಸ್ಯರೋಗ ತಜ್ಞರು 1930ರ ದಶಕದ ಮೊದಲಲ್ಲಿ ಇದಕ್ಕೊಂದು ಉಪಾಯ ಬರೆದರು: ಒಂದೇ ದಿಕ್ಕಿನ ಸುತ್ತುರಸ್ತೆ, ಅದರಿಂದ ಕವಲೊಡೆದ ಪುಟ್ಟ ನಿಲುಗಡೆ, ಕಾರು ಅದನ್ನು ದಾಟದಂತೆ ಬಂಡೆ ಅಥವಾ ದಿಮ್ಮಿ. ಇವತ್ತಿಗೂ ಹಳೆಯ ಕ್ಯಾಂಪ್‌ಗ್ರೌಂಡುಗಳ ನಕ್ಷೆ ಬಹುಪಾಲು ಅದೇ. ಅವರ ಕಣ್ಣಮುಂದೆ ಇದ್ದದ್ದು ಆ ಕಾಲದ ಕಾರು, ನಮ್ಮ ಡಬಲ್ ಆಕ್ಸಲ್ ಮನೆಗಳಲ್ಲ. ಯೊಸೆಮಿಟಿ ನ್ಯಾಷನಲ್ ಪಾರ್ಕಿನ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಟ್ರೇಲರಿಗೆ 24 ಅಡಿಯ ಮಿತಿ, ವಿದ್ಯುತ್ ಹುಕ್‌ಅಪ್ ಇಲ್ಲ. ಅಲ್ಲಿ ಗ್ಯಾಸಿನ ಮೇಲೆ ಫ್ರಿಜ್ ಓಡಿಸುವವರು ಮೇಲಿನ ಉತ್ತರವನ್ನು ಎರಡು ಸಲ ಓದಿ. ದಿಮ್ಮಿಗಳಿರುವುದು ಒಳ್ಳೆಯದೇ ಅನ್ನುವ ಪೈಕಿ ನಾನು. ಹಲಗೆ ಹೊರುವುದು ನಮಗೇನು ಭಾರ?

ಬುಕ್ ಮಾಡುವ ಜಾಲತಾಣ ರಿಕ್ರಿಯೇಷನ್ ಡಾಟ್ ಗವ್‌ನಲ್ಲಿ ಸೈಟಿನ ನಂಬರ್ ಒತ್ತಿದರೆ ವಿವರಗಳ ಪಟ್ಟಿ ಬರುತ್ತದೆ. ಡ್ರೈವ್‌ವೇ ಉದ್ದ, ಹಿಂದಕ್ಕೆ ಹೋಗಬೇಕೋ ನೇರ ದಾಟಬಹುದೋ ಎಂಬುದರ ಜೊತೆ ಅನೇಕ ಕಡೆ ಇಳಿಜಾರು ಎಷ್ಟೆಂದೂ ಕೊಟ್ಟಿರುತ್ತಾರೆ. ಜನ ಹಾಕಿದ ಫೋಟೊ ಇದ್ದರೆ ಊಟದ ಮೇಜನ್ನು ನೋಡಬೇಡಿ, ಅದರಡಿ ಬೇರೆಯೇ ಮಟ್ಟ ಮಾಡಿರುತ್ತಾರೆ. ನಿಂತಿರುವ ಗಾಡಿಯ ಚಕ್ರ ನೋಡಿ. ಒಂದು ಪಕ್ಕ ಹಲಗೆ ಮೂರು ಪದರ ಕಂಡರೆ ಬೇರೆ ಸೈಟ್ ಹುಡುಕಿ.

ಪ್ರಶ್ನೆ: ಊರಿಂದ ಅತ್ತೆ-ಮಾವ ಬಂದಿದ್ದಾರೆ. ಟ್ರೇಲರಿನಲ್ಲಿ ಮಲಗಿದರೆ ತಲೆ ಭಾರ ಅನ್ನುತ್ತಾರೆ. (ಓದುಗರೊಬ್ಬರು, ಪ್ಲೆಸಂಟನ್)

ಉತ್ತರ: ಮಲಗಿದಾಗ ಅವರ ತಲೆ ತಗ್ಗಿನ ಕಡೆಗೆ ಬರುತ್ತಿದೆ ಅಂತ ಕಾಣುತ್ತದೆ. ರಾತ್ರಿ ಮತ್ತೆ ಜಾಕ್ ತಿರುಗಿಸುವ ಗೋಜು ಬೇಡ, ದಿಂಬನ್ನು ಇನ್ನೊಂದು ತುದಿಗೆ ಹಾಕಿಕೊಡಿ. ಮಾವನವರು ಉತ್ತರಕ್ಕೆ ತಲೆ ಹಾಕುವುದಿಲ್ಲ ಅಂದರೆ ಮಾತ್ರ ಮುಂದಿನ ಸಲ ಸೈಟ್ ಆರಿಸುವಾಗಲೇ ದಿಕ್ಕು ನೋಡಿಕೊಳ್ಳಬೇಕಾದೀತು!

ಪ್ರಶ್ನೆ: ಫೋನಿಗೆ ಮಟ್ಟ ತೋರಿಸುವ ಬ್ಲೂಟೂತ್ ಯಂತ್ರ ಬಂದಿದೆಯಂತೆ. ಕೊಳ್ಳಬಹುದೇ? (ಓದುಗರೊಬ್ಬರು, ಆಸ್ಟಿನ್)

ಉತ್ತರ: ಒಬ್ಬರೇ ತಿರುಗುವವರಾದರೆ ಕೊಳ್ಳಿ. ಡ್ರೈವರ್ ಸೀಟಿನಲ್ಲಿ ಕೂತೇ ಯಾವ ಕಡೆ ಎಷ್ಟು ಇಂಚು ಎಂದು ಕಾಣುತ್ತದೆ, ಇಳಿದು ಹತ್ತುವ ಕೆಲಸ ತಪ್ಪುತ್ತದೆ. ಅಳವಡಿಸುವ ದಿನ ಗಾಡಿಯನ್ನು ರಸಮಟ್ಟದಿಂದ ಸರಿಯಾಗಿ ಮಟ್ಟ ಮಾಡಿ, ಅದೇ ಸೊನ್ನೆ ಎಂದು ಅದಕ್ಕೆ ಕಲಿಸಬೇಕು. ಇಲ್ಲದಿದ್ದರೆ ಅದು ಹೇಳುವುದೆಲ್ಲ ಅಷ್ಟೇ ಓರೆ. ಆದರೆ ನಿಮ್ಮ ಪತ್ರದ ಕೊನೆಯಲ್ಲಿ, ಚಾಕ್ ಇನ್ನೂ ತೆಗೆದುಕೊಂಡಿಲ್ಲ, ಸದ್ಯಕ್ಕೆ ಸೌದೆ ತುಂಡು ಇಡುತ್ತೇವೆ ಎಂದು ಬರೆದಿದ್ದೀರಿ. ದುಂಡನೆಯ ಸೌದೆ ಭಾರ ಬಿದ್ದರೆ ಉರುಳುತ್ತದೆ. ಮೊದಲು ಎರಡು ಜೊತೆ ರಬ್ಬರ್ ಚಾಕ್ ತನ್ನಿ, ಬ್ಲೂಟೂತ್ ಆಮೇಲೆ ನೋಡೋಣ.