ಫೆಂಗ್ ಶುಯಿ ಪ್ರಕಾರ ಬಾಡಿಗೆ ಮನೆಯನ್ನು ಜೋಡಿಸುವುದು ಹೇಗೆ?

ಫೆಂಗ್ ಶುಯಿ ಅಂದರೆ ಮನೆ, ಸಾಮಾನು ಹೇಗಿರಬೇಕು ಅಂತ ಹೇಳುವ ಚೀನಾದ ಹಳೆಯ ಪದ್ಧತಿ. ಗೋಡೆ ಒಡೆಯದೆ ಏನು ಮಾಡಬಹುದು ಅಂತ ಕೇಳಿದ್ದೀರಿ. ಮಂಚದಿಂದ ಶುರು ಮಾಡಿ. ತಲೆಯ ಕಡೆ ಗಟ್ಟಿ ಗೋಡೆ ಇರಲಿ. ಮಲಗಿದಲ್ಲಿಂದಲೇ ಬಾಗಿಲು ಕಾಣಬೇಕು, ಆದರೆ ಕಾಲು ನೇರ ಬಾಗಿಲ ಕಡೆ ಚಾಚಿರಬಾರದು. ಹೆಣವನ್ನು ಕಾಲು ಮುಂದಾಗಿ ಹೊರಗೆ ಒಯ್ಯುತ್ತಾರೆ ಅನ್ನುವ ನೆನಪು ಆ ನಿಯಮದ ಹಿಂದಿದೆ. ಹಾಸಿಗೆಗೆ ಎದುರಾಗಿ ಕನ್ನಡಿ ಇದ್ದರೆ ರಾತ್ರಿ ಒಂದು ಬಟ್ಟೆ ಇಳಿಬಿಡಿ, ಸಾಕು.

ಫೆಂಗ್ ಅಂದರೆ ಗಾಳಿ, ಶುಯಿ ಅಂದರೆ ನೀರು. ಉತ್ತರ ಚೀನಾದಲ್ಲಿ ಚಳಿಗಾಳಿ ಬರುವುದು ಉತ್ತರದಿಂದ, ಚಳಿಗಾಲದ ಬಿಸಿಲು ದಕ್ಷಿಣದಿಂದ. ಹಾಗಾಗಿ ಅಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಮನೆ ಶ್ರೇಷ್ಠ. ನಮ್ಮಲ್ಲಿ ವಾಸ್ತು ನೋಡುವವರು ದಕ್ಷಿಣದ ಬಾಗಿಲು ಅಂದರೆ ಹೆದರುತ್ತಾರೆ, ಅಲ್ವಾ? ಅದಕ್ಕೇ ಎರಡನ್ನೂ ಬೆರೆಸಬೇಡಿ ಅನ್ನುತ್ತೇನೆ. ಮಂಚ ಸರಿಮಾಡಿದ ಮೇಲೆ ಬಾಗಿಲ ಹಿಂದಿನ ಚಪ್ಪಲಿ ರಾಶಿ ತೆಗೆಯಿರಿ, ಬಾಗಿಲು ಪೂರ್ತಿ ತೆರೆದುಕೊಳ್ಳಲಿ.