ಓದುಗರ ಪ್ರಶ್ನೆಗಳಿಗೆ ಉತ್ತರ: ಸುಮ್ಮನೆ ನಡೆಯುವ ಆಟಗಳು

ಹೊಡೆದಾಟ, ಅಂಕ, ಗೆಲುವು ಯಾವುದೂ ಇಲ್ಲದೆ ಒಂದು ಜಾಗದಲ್ಲಿ ನಿಧಾನವಾಗಿ ನಡೆಯುತ್ತಾ, ನೋಡುತ್ತಾ, ಕೇಳುತ್ತಾ ಸಾಗುವ ಕಂಪ್ಯೂಟರ್ ಗೇಮ್‌ಗಳನ್ನು 'ವಾಕಿಂಗ್ ಸಿಮ್ಯುಲೇಟರ್' ಎಂದು ಕರೆಯುತ್ತಾರೆ. ಇವುಗಳ ಬಗ್ಗೆ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಗೆಳೆಯನ ಮಾತು ಕೇಳಿ 'ಡಿಯರ್ ಎಸ್ತರ್' ಕೊಂಡೆ. ಒಂದು ದ್ವೀಪದಲ್ಲಿ ನಡೆಯುವುದನ್ನು ಬಿಟ್ಟರೆ ಅದರಲ್ಲಿ ಮಾಡಲು ಏನೂ ಇಲ್ಲ. ಓಡಲು ಬರುವುದಿಲ್ಲ, ನೆಗೆಯಲು ಬರುವುದಿಲ್ಲ, ಯಾವ ವಸ್ತುವನ್ನೂ ಎತ್ತಿಕೊಳ್ಳಲು ಬರುವುದಿಲ್ಲ. ಇದನ್ನು ಆಟ ಎಂದು ಕರೆಯುವುದು ಸರಿಯೇ? (ಹುಬ್ಬಳ್ಳಿಯ ಓದುಗರು)

ಉತ್ತರ: ನಿಮ್ಮ ಪ್ರಶ್ನೆಯನ್ನು ಆ ಆಟವನ್ನು ಮಾಡಿದವರೇ ಮೊದಲು ಕೇಳಿಕೊಂಡಿದ್ದರು. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿದ್ದ ಡ್ಯಾನ್ ಪಿಂಚ್‌ಬೆಕ್ ಅವರು, ಬಂದೂಕು ಹಿಡಿದು ಆಡುವ ಆಟಗಳಿಂದ ಬಂದೂಕನ್ನೂ ಶತ್ರುವನ್ನೂ ಒಗಟುಗಳನ್ನೂ ತೆಗೆದುಹಾಕಿದರೆ ಆಟಗಾರನನ್ನು ಹಿಡಿದು ಕೂರಿಸಲು ಏನು ಉಳಿಯುತ್ತದೆ ಎಂದು ಪರೀಕ್ಷಿಸುವ ಸಂಶೋಧನೆಯ ಭಾಗವಾಗಿ, 'ಹಾಫ್ ಲೈಫ್ 2' ಆಟವನ್ನು ಬದಲಾಯಿಸಿ ಇದರ ಮೊದಲ ರೂಪವನ್ನು ಸಿದ್ಧಪಡಿಸಿದರು. ರಾಬ್ ಬ್ರಿಸ್ಕೋ ಅವರು ದ್ವೀಪವನ್ನು ಹೊಸದಾಗಿ ಚಿತ್ರಿಸಿದ ಮೇಲೆ, ಜೆಸಿಕಾ ಕರಿ ಅವರ ಸಂಗೀತದೊಂದಿಗೆ ಅದು 2012ರಲ್ಲಿ ಮಾರಾಟಕ್ಕೆ ಬಂದಿತು. ನೀವು ಕೊಂಡಿರುವುದು ಈ ರೂಪ ಅಥವಾ ಇದರ ಮುಂದಿನ ಪರಿಷ್ಕರಣೆ.

ಮಾಡಲು ಏನೂ ಇಲ್ಲ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡೀಸ್ ದ್ವೀಪಗಳಲ್ಲೊಂದರ ದಡದಲ್ಲಿ ನೀವು ನಿಂತಿರುತ್ತೀರಿ. ಆಗಾಗ ಒಬ್ಬ ಗಂಡಸಿನ ಧ್ವನಿ ಎಸ್ತರ್ ಎಂಬುವಳಿಗೆ ಬರೆದ ಪತ್ರದ ತುಣುಕುಗಳನ್ನು ಓದುತ್ತದೆ. ಈ ತುಣುಕುಗಳಲ್ಲಿ ಯಾವುದು ಕೇಳಿಸಬೇಕೆಂಬುದನ್ನು ಆಟವು ಪ್ರತಿ ಬಾರಿಯೂ ಬೇರೆ ಬೇರೆಯಾಗಿ ಆರಿಸಿಕೊಳ್ಳುವುದರಿಂದ, ನಿಮ್ಮ ಗೆಳೆಯ ಕೇಳಿದ ಕಥೆಗೂ ನೀವು ಕೇಳಿದ ಕಥೆಗೂ ವ್ಯತ್ಯಾಸವಿರುತ್ತದೆ. ಇಬ್ಬರೂ ಕುಳಿತು ಹೋಲಿಸಿ ನೋಡಿ. ಆ ಪತ್ರದಲ್ಲಿ ಬರುವ ಕಾರು ಅಪಘಾತದಲ್ಲಿ ಯಾರು ಸತ್ತರು, ಯಾರು ಕಾರು ಓಡಿಸುತ್ತಿದ್ದರು ಎಂಬ ಬಗ್ಗೆಯೇ ನಿಮ್ಮಿಬ್ಬರ ಅಭಿಪ್ರಾಯ ಒಂದಕ್ಕೊಂದು ಹೊಂದದಿರಬಹುದು. ದೂರದ ಗುಡ್ಡದ ಮೇಲಿನ ಕಂಬದಲ್ಲಿ ಮಿನುಗುವ ಕೆಂಪು ದೀಪವು ಬಾಣದ ಗುರುತಾಗಲಿ ನಕ್ಷೆಯಾಗಲಿ ಇಲ್ಲದೆಯೇ ನಿಮ್ಮನ್ನು ಮುಂದಕ್ಕೆ ಕರೆಯುತ್ತಿರುತ್ತದೆ. ದಾರಿ ಬಿಟ್ಟು ಸಮುದ್ರದ ಆಳಕ್ಕೆ ಇಳಿದರೆ ಪರದೆ ಕಪ್ಪಾಗಿ, 'ಮರಳಿ ಬಾ' ಎಂಬ ಪಿಸುಮಾತು ಕೇಳಿಸಿ, ನೀವು ಮತ್ತೆ ದಡದಲ್ಲಿರುತ್ತೀರಿ. ಬೇರೆ ಆಟವಾಗಿದ್ದರೆ ಅಲ್ಲಿ ಸೋಲಿನ ಸೂಚನೆ ಬರುತ್ತಿತ್ತು. ಇಲ್ಲಿ ಕರೆದವರು ಯಾರು ಎಂಬ ಪ್ರಶ್ನೆ ಬರುತ್ತದೆ, ಅದನ್ನು ಹೊತ್ತುಕೊಂಡೇ ನೀವು ಮುಂದೆ ನಡೆಯುತ್ತೀರಿ. ಕೇಳಿದ್ದನ್ನೂ ಕಂಡದ್ದನ್ನೂ ಮನಸ್ಸಿನಲ್ಲಿ ಕೂಡಿಸಿಕೊಳ್ಳುವುದೇ ಇಲ್ಲಿ ಆಟಗಾರನ ಕೆಲಸ, ಮತ್ತು ಆ ಕೆಲಸಕ್ಕೆ ಬಿಡುವು ಸಿಗಲೆಂದೇ ನಡಿಗೆ ನಿಧಾನವಾಗಿದೆ ಎಂಬುದು ನನ್ನ ನಂಬಿಕೆ.

ಹಾಗೆಂದು ನಿಧಾನವೆಲ್ಲವೂ ಒಳ್ಳೆಯದೆಂದು ನಾನು ವಾದಿಸುವುದಿಲ್ಲ. 'ಡಿಯರ್ ಎಸ್ತರ್' ತಂದ ದ ಚೈನೀಸ್ ರೂಮ್ ಸಂಸ್ಥೆಯೇ 2015ರಲ್ಲಿ ತಂದ 'ಎವ್ರಿಬಡೀಸ್ ಗಾನ್ ಟು ದ ರ‍್ಯಾಪ್ಚರ್' ಆಟದಲ್ಲಿ, ಜನರೆಲ್ಲ ಮಾಯವಾಗಿರುವ ಇಂಗ್ಲೆಂಡಿನ ಶ್ರಾಪ್‌ಶೈರ್‌ನ ಹಳ್ಳಿಯೊಂದರಲ್ಲಿ ತಿರುಗಾಡಬೇಕು. ಹಳ್ಳಿ ವಿಶಾಲವಾಗಿದೆ, ಏನನ್ನೋ ನೋಡದೆ ಬಿಟ್ಟು ಬಂದಿದ್ದರೆ ಅಷ್ಟೇ ದೂರ ಹಿಂದಕ್ಕೆ ನಡೆಯಬೇಕು. ಒಂದು ಗುಂಡಿಯನ್ನು ಒತ್ತಿ ಹಿಡಿದರೆ ನಡಿಗೆ ಸ್ವಲ್ಪ ಸ್ವಲ್ಪವಾಗಿ ಚುರುಕಾಗುತ್ತದೆ ಎಂಬ ಸಂಗತಿಯನ್ನು ಆಟವೆಲ್ಲಿಯೂ ಹೇಳಿರಲಿಲ್ಲ. ಬಿಡುಗಡೆಯಾದ ಮೇಲೆ ಸಂಸ್ಥೆಯೇ ಅದನ್ನು ತಿಳಿಸಬೇಕಾಯಿತು. ದಾರಿ ಒಂದೇ ಆಗಿ ಮುಂದಕ್ಕೆ ಸಾಗುವಲ್ಲಿ ನಿಧಾನ ಒಪ್ಪುತ್ತದೆ, ಕಂಡ ಬೀದಿಯಲ್ಲೇ ಮತ್ತೆ ಮತ್ತೆ ಓಡಾಡಿಸುವಲ್ಲಿ ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ತಾಯಿಗೆ ಅರವತ್ತು ದಾಟಿದೆ. ನಾನು ಇಂತಹ ಆಟ ಆಡುವಾಗ ಪಕ್ಕದಲ್ಲಿ ಕುಳಿತು ಆಸಕ್ತಿಯಿಂದ ನೋಡುತ್ತಾರೆ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಮನೆಯಲ್ಲಿರುವುದು ಹಳೆಯ ಲ್ಯಾಪ್‌ಟಾಪ್. ಅವರೇ ಆಡಬಹುದಾದದ್ದು ಏನಾದರೂ ಇದೆಯೇ? (ಶಿವಮೊಗ್ಗದ ಓದುಗರು)

ಉತ್ತರ: ಇದೆ, ಮತ್ತು ಅದನ್ನು ಸೂಚಿಸಲು ನನಗೆ ತುಂಬ ಸಂತೋಷವಾಗುತ್ತದೆ. ಎಡ್ ಕೀ ಮತ್ತು ಡೇವಿಡ್ ಕನಾಗಾ ಅವರು ಸೇರಿ ಮಾಡಿದ, 2013ರಲ್ಲಿ ಬಂದ 'ಪ್ರೋಟಿಯಸ್' ಆಟದಲ್ಲಿ ಕಥೆ ಹೇಳುವ ಮಾತು ಒಂದೂ ಇಲ್ಲ. ದೊಡ್ಡ ದೊಡ್ಡ ಚೌಕಗಳಿಂದ ಚಿತ್ರಿಸಿದಂತಿರುವ ಒಂದು ದ್ವೀಪ, ಅದರಲ್ಲಿ ಮರಗಳು, ಕಪ್ಪೆಗಳು, ಮಳೆ, ನಿಲ್ಲಿಸಿದ ಕಲ್ಲುಗಳು. ಯಾವುದರ ಹತ್ತಿರ ಹೋದರೆ ಅದರ ಸ್ವರ ಸೇರಿಕೊಳ್ಳುತ್ತದೆ, ದೂರ ಸರಿದರೆ ಸ್ವರ ಕರಗುತ್ತದೆ. ಗುಡ್ಡವೇರಿ ಮೋಡಕ್ಕಿಂತ ಮೇಲೆ ಹೋದಾಗ ಕೆಳಗಿನ ಸದ್ದೆಲ್ಲ ಅಡಗುತ್ತದೆ. ರಾತ್ರಿ ಒಂದು ಕಡೆ ಬೆಳಕಿನ ಚುಕ್ಕಿಗಳು ಸುತ್ತುತ್ತಿರುತ್ತವೆ, ಅವುಗಳ ನಡುವೆ ಹೋಗಿ ನಿಂತರೆ ಋತು ಬದಲಾಗುತ್ತದೆ. ವಸಂತದಿಂದ ಚಳಿಗಾಲದವರೆಗೆ ನಾಲ್ಕು ಋತು ಮುಗಿಯಲು ಒಂದು ಗಂಟೆ ಸಾಕು, ಮತ್ತು ಹೊಸದಾಗಿ ಆರಂಭಿಸಿದಾಗಲೆಲ್ಲ ದ್ವೀಪವೂ ಹೊಸದಾಗಿರುತ್ತದೆ. ಇದಕ್ಕೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ.

ಹೊಸಬರಿಗೆ ಕಷ್ಟವಾಗುವುದು ಒಂದು ಕೈಯಲ್ಲಿ ನಡೆಯುತ್ತಾ ಇನ್ನೊಂದು ಕೈಯಲ್ಲಿ ನೋಟವನ್ನು ತಿರುಗಿಸುವುದು. ನಾವು ವರ್ಷಗಟ್ಟಲೆ ಆಡಿರುವುದರಿಂದ ಅದು ಒಂದು ಕೌಶಲ ಎಂಬುದೇ ನಮಗೆ ಮರೆತುಹೋಗಿರುತ್ತದೆ. ಆರಂಭದಲ್ಲಿ ಮೌಸ್ ಅಮ್ಮನ ಕೈಯಲ್ಲಿರಲಿ, ಹೆಜ್ಜೆಯ ಕೀಲಿಗಳನ್ನು ನೀವು ಒತ್ತಿರಿ. ಎತ್ತ ನೋಡಬೇಕೆಂಬುದನ್ನು ಅವರು ನಿರ್ಧರಿಸಲಿ, ಅತ್ತಲೇ ನೀವು ನಡೆಸಿ. ಅದು ರೂಢಿಯಾದ ಮೇಲೆ, ಮರಳುಗಾಡಿನಲ್ಲಿ ಬೆಟ್ಟದ ಕಡೆಗೆ ಸಾಗುವ 'ಜರ್ನಿ' ಆಟವನ್ನೂ ತೋರಿಸಬಹುದು. ಅದರಲ್ಲಿಯೂ ಮಾತಿಲ್ಲ, ಆದರೆ ಅದಕ್ಕೆ ಇನ್ನಷ್ಟು ಶಕ್ತಿಯ ಯಂತ್ರ ಬೇಕು.

ಪ್ರಶ್ನೆ: 'ಗಾನ್ ಹೋಮ್' ಆಟದಲ್ಲಿ ದೆವ್ವವೂ ಇಲ್ಲ, ಕೊಲೆಗಾರನೂ ಇಲ್ಲ. ಆದರೂ ನಾನು ಪ್ರತಿಯೊಂದು ಕೋಣೆಯ ಬಾಗಿಲನ್ನೂ ಅಂಜುತ್ತಲೇ ತೆರೆದೆ. ಇದು ಹೇಗೆ ಸಾಧ್ಯವಾಯಿತು? ಆಡದವರಿಗೆ ಗುಟ್ಟು ಬಿಟ್ಟುಕೊಡಬೇಡಿ. (ಬೆಂಗಳೂರಿನ ಓದುಗರು)

ಉತ್ತರ: ಮುಖ್ಯ ಕಥೆಯನ್ನು ಮುಟ್ಟದೆ ಒಂದೆರಡು ಸಣ್ಣ ಸಂಗತಿಗಳನ್ನಷ್ಟೇ ಹೇಳುತ್ತೇನೆ. ಕಾಲ 1995ರ ಜೂನ್, ಸ್ಥಳ ಅಮೆರಿಕದ ಆರೆಗಾನ್ ರಾಜ್ಯ. ಯುರೋಪ್ ಪ್ರವಾಸ ಮುಗಿಸಿಕೊಂಡು ಮಧ್ಯರಾತ್ರಿ ಕಳೆದ ಮೇಲೆ ಮನೆಗೆ ಬಂದ ಹಿರಿಯ ಮಗಳು ನೀವು. ನೀವಿಲ್ಲದಾಗ ಮನೆಯವರು ಬೇರೆ ಮನೆಗೆ ಬಂದಿರುವುದರಿಂದ ಇದು ನಿಮ್ಮದೇ ಮನೆಯಾದರೂ ನಿಮಗೆ ಅಪರಿಚಿತ. ಹೊರಗೆ ಗುಡುಗು ಮಳೆ. ಬಾಗಿಲಿಗೆ ತಂಗಿ ಅಂಟಿಸಿದ ಚೀಟಿಯಲ್ಲಿ, ತಾನು ಎಲ್ಲಿದ್ದೇನೆಂದು ಹುಡುಕಬೇಡ ಎಂದಿದೆ. ಒಳಗೆ ಹೋದರೆ, ಮನೆಯಲ್ಲಿ ಯಾರೂ ಇಲ್ಲದಾಗ ಫೋನಿಗೆ ಬಂದ ಮಾತನ್ನು ಹಿಡಿದಿಡುವ ಯಂತ್ರದಲ್ಲಿ ಯಾರೋ ಅಳುವ ಧ್ವನಿ.

ಇಷ್ಟಾದ ಮೇಲೆ ಆಟವು ನಿಮ್ಮನ್ನು ಹೆದರಿಸಬೇಕಾಗಿಯೇ ಇಲ್ಲ. ಬಚ್ಚಲುಮನೆಯ ತೊಟ್ಟಿಯಲ್ಲಿ ಕೆಂಪು ಕಲೆಗಳು ಕಾಣುತ್ತವೆ, ಎದೆ ಧಸಕ್ಕೆನ್ನುತ್ತದೆ. ಪಕ್ಕದಲ್ಲಿ ಬಿದ್ದಿರುವ ಬಾಟಲಿಯನ್ನು ಎತ್ತಿ ತಿರುಗಿಸಿ ನೋಡಿದರೆ ಅದು ಕೂದಲಿಗೆ ಹಚ್ಚುವ ಬಣ್ಣ. ಅದೇ ಕ್ಷಣದಲ್ಲಿ ಭಯವು ಪ್ರೀತಿಯಾಗಿ ಬದಲಾಗುತ್ತದೆ, ಏಕೆಂದರೆ ಬಣ್ಣ ಹಚ್ಚಿಕೊಂಡ ಹುಡುಗಿ ಹೇಗಿದ್ದಳು ಎಂಬುದು ನಿಮಗೆ ಒಂದಿಷ್ಟು ತಿಳಿದಿರುತ್ತದೆ. ಭಯದ ಆಟಗಳು ನಮಗೆ ಕಲಿಸಿರುವ ನಿರೀಕ್ಷೆಯನ್ನು ಇದನ್ನು ಮಾಡಿದವರು ಚೆನ್ನಾಗಿ ಬಲ್ಲರು. ಫುಲ್‌ಬ್ರೈಟ್ ಸಂಸ್ಥೆಯನ್ನು ಕಟ್ಟಿದ ಸ್ಟೀವ್ ಗೇನರ್ ಮತ್ತು ಅವರ ಸಂಗಡಿಗರು ಅದಕ್ಕೂ ಮೊದಲು, ಭಯ ಹುಟ್ಟಿಸುವ 'ಬಯೋಶಾಕ್ 2' ಆಟದ ಹೆಚ್ಚುವರಿ ಭಾಗವೊಂದರಲ್ಲಿ ಕೆಲಸ ಮಾಡಿದವರು. ಆ ಜಗತ್ತಿನ ಕತ್ತಲೆಯನ್ನು ಅವರು ಸಾಮಾನ್ಯ ಸಂಸಾರವೊಂದರ ಮನೆಗೆ ತಂದರು.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ಬೇರೊಂದು ಸಂಗತಿ. ಎತ್ತಿಕೊಂಡ ವಸ್ತುವನ್ನು ಎಸೆಯದೆ, ಇದ್ದಲ್ಲಿಯೇ ಸರಿಯಾಗಿ ಇಡುವ ಅವಕಾಶವನ್ನು ಆ ಆಟ ಕೊಡುತ್ತದೆ. ಅದರಿಂದ ಯಾವ ಲಾಭವೂ ಇಲ್ಲ. ಆದರೂ ಅಪ್ಪನ ಮೇಜಿನ ಮೇಲಿನ ಕಾಗದವನ್ನು, ತಂಗಿಯ ಕ್ಯಾಸೆಟ್ಟನ್ನು ಮೊದಲಿದ್ದ ಜಾಗದಲ್ಲಿಯೇ ಇಡುವವರು ಬಹಳ ಮಂದಿ. ಪರದೆಯ ಮೇಲೆ ಒಬ್ಬ ಮನುಷ್ಯನನ್ನೂ ತೋರಿಸದೆ ಆ ಮನೆಯವರ ಬಗ್ಗೆ ಅಷ್ಟು ಮರ್ಯಾದೆಯನ್ನು ಹುಟ್ಟಿಸುವುದು ಸಣ್ಣ ಸಾಧನೆಯೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಹತ್ತು ನಿಮಿಷ ಆಡುವುದರೊಳಗೆ ತಲೆಸುತ್ತು, ವಾಕರಿಕೆ ಬರುತ್ತದೆ. ಬಿಟ್ಟುಬಿಡಬೇಕೇ? (ಮಂಗಳೂರಿನ ಓದುಗರು)

ಉತ್ತರ: ಕಣ್ಣು ಚಲನೆಯನ್ನು ಕಾಣುತ್ತಿರುವಾಗ ಒಳಕಿವಿಯು ದೇಹ ಅಲುಗಾಡುತ್ತಿಲ್ಲವೆಂದು ತಿಳಿಸುತ್ತಿರುತ್ತದೆ; ಈ ತಾಳ ತಪ್ಪಿದಾಗ ಹೀಗಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೋಟದ ವಿಸ್ತಾರವನ್ನು ಹೆಚ್ಚಿಸಿ, ನಡೆಯುವಾಗ ತಲೆ ಮೇಲೆ ಕೆಳಗೆ ಅಲುಗುವ ಆಯ್ಕೆಯನ್ನೂ ಚಲನೆಯಲ್ಲಿ ಚಿತ್ರ ಮಸುಕಾಗುವ ಆಯ್ಕೆಯನ್ನೂ ತೆಗೆದುಹಾಕಿ. ಕೋಣೆಯ ದೀಪ ಉರಿಯಲಿ, ಪರದೆಯಿಂದ ತುಸು ಹಿಂದೆ ಕುಳಿತುಕೊಳ್ಳಿ. ಕತ್ತಲಲ್ಲಿ ಆಡಿದರೇ ಚೆನ್ನ ಎಂಬ ಸಲಹೆ ನಿಮಗೆ ಅನ್ವಯಿಸುವುದಿಲ್ಲ. ವಾಕರಿಕೆ ಆರಂಭವಾದ ತಕ್ಷಣ ನಿಲ್ಲಿಸಿ, ತಡೆದುಕೊಂಡು ಮುಂದುವರಿಯಬೇಡಿ.

ಪ್ರಶ್ನೆ: ಎರಡು ಗಂಟೆಯೊಳಗೆ ಮುಗಿಯುವ ಆಟವನ್ನು ಪೂರ್ತಿ ಆಡಿ, ಆಟಗಳನ್ನು ಮಾರುವ ಸ್ಟೀಮ್ ಜಾಲತಾಣದಲ್ಲಿ ಹಣ ವಾಪಸು ಪಡೆಯಬಹುದೆಂದು ಸ್ನೇಹಿತರು ಹೇಳುತ್ತಾರೆ. ನಿಜವೇ? (ಬೆಳಗಾವಿಯ ಓದುಗರು)

ಉತ್ತರ: ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸುವ ಕ್ರಮ 2015ರ ಜೂನ್‌ನಿಂದ ಅಲ್ಲಿದೆ. ಆಟ ನಿಮ್ಮ ಯಂತ್ರದಲ್ಲಿ ನಡೆಯದಿದ್ದರೆ ಅಥವಾ ಆರಂಭದಲ್ಲೇ ಹಿಡಿಸದಿದ್ದರೆ ಆ ಅವಕಾಶವನ್ನು ಬಳಸಿಕೊಳ್ಳಿ. ಕೊನೆಯವರೆಗೂ ಆಡಿ, ಮೆಚ್ಚಿ, ಆಮೇಲೆ ಹಣ ಕೇಳುವುದು ಸರಿಯಲ್ಲ. ಇಂತಹ ಆಟಗಳನ್ನು ಮಾಡುವ ತಂಡಗಳು ಬಹುಪಾಲು ನಾಲ್ಕಾರು ಜನರವು, ಮತ್ತು ಹೇಳಬೇಕಾದದ್ದನ್ನು ಎಳೆಯದೆ ಮುಗಿಸಿದ್ದಕ್ಕಾಗಿ ಅವರಿಗೆ ದಂಡ ಬೀಳಬಾರದು.

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿ. ತೀರ್ಥಹಳ್ಳಿಯ ಹತ್ತಿರವಿರುವ ಅಜ್ಜನ ಮನೆ ಮತ್ತು ಅದರ ಸುತ್ತಲಿನ ಕಾಡನ್ನು ಮಳೆಗಾಲದಲ್ಲಿ ಸುತ್ತಾಡುವಂತಹ ಒಂದು ಆಟ ಮಾಡಬೇಕೆಂದಿದ್ದೇನೆ. ಜೊತೆಗಿರುವುದು ಒಬ್ಬ ಗೆಳತಿ ಮಾತ್ರ. ಎಲ್ಲಿಂದ ಆರಂಭಿಸಬೇಕು? (ಮೈಸೂರಿನ ಓದುಗರು)

ಉತ್ತರ: ಕಾಡನ್ನು ಸದ್ಯಕ್ಕೆ ಬದಿಗಿಟ್ಟು ಜಗಲಿ ಮತ್ತು ಅಂಗಳದಿಂದ ಆರಂಭಿಸಿ. ಅಷ್ಟರಲ್ಲಿಯೇ ಹತ್ತು ನಿಮಿಷ ಇರಬೇಕೆನ್ನಿಸುವಂತೆ ಮಾಡಲು ಸಾಧ್ಯವಾದರೆ ಉಳಿದ ಮನೆಯನ್ನು ಕಟ್ಟಿ. 'ಗಾನ್ ಹೋಮ್' ಮತ್ತು 'ಫೈರ್‌ವಾಚ್' ಎರಡನ್ನೂ ಯೂನಿಟಿ ತಂತ್ರಾಂಶದಲ್ಲಿ ಮಾಡಲಾಗಿದೆ. ಉಚಿತವಾಗಿ ಸಿಗುವ ಗೊಡಾಟ್ ಕೂಡ ನಿಮ್ಮ ಉದ್ದೇಶಕ್ಕೆ ಸಾಕು.

'ಫೈರ್‌ವಾಚ್' ಆಟವನ್ನು ನೀವು ಪಾಠವೆಂದೇ ನೋಡಬೇಕು. ಕ್ಯಾಂಪೊ ಸ್ಯಾಂಟೊ ತಂಡ 2016ರಲ್ಲಿ ತಂದ ಈ ಆಟದಲ್ಲಿ, 1989ರ ಬೇಸಿಗೆಯಲ್ಲಿ ಅಮೆರಿಕದ ವಯೋಮಿಂಗ್ ರಾಜ್ಯದ ಶೋಶೋನಿ ಅರಣ್ಯದ ಕಾವಲುಗೋಪುರದಲ್ಲಿ ಕುಳಿತು ಕಾಳ್ಗಿಚ್ಚಿಗೆ ಕಣ್ಣಿಡುವ ಹೆನ್ರಿ ಎಂಬುವನ ಪಾತ್ರ ನಿಮ್ಮದು. ಚಿತ್ರಕಾರ ಆಲಿ ಮಾಸ್ ಅವರು 1930ರ ದಶಕದ ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಭಿತ್ತಿಪತ್ರಗಳ ಬಣ್ಣವನ್ನು ಇಲ್ಲಿಗೆ ತಂದರು. ಹತ್ತಿರದ ಮರಕ್ಕೆ ಒಂದು ಬಣ್ಣ, ಅದರಾಚೆಯ ಇಳಿಜಾರಿಗೆ ಇನ್ನೊಂದು, ದೂರದ ಬೆಟ್ಟಕ್ಕೆ ಮತ್ತೊಂದು; ದೂರವನ್ನು ಹೇಳುವುದು ಎಲೆಯ ವಿವರಗಳಿಗಿಂತ ಹೆಚ್ಚಾಗಿ ಮಂಜಿನ ಬಣ್ಣ. ಇಬ್ಬರೇ ಇರುವ ನಿಮಗೆ ಇದು ದೊಡ್ಡ ಅನುಕೂಲ, ಏಕೆಂದರೆ ಮಲೆನಾಡಿನ ಆಷಾಢದಲ್ಲಿ ಎದುರಿನ ಗುಡ್ಡವೇ ಕಾಣುವುದಿಲ್ಲ. ಇನ್ನೊಂದನ್ನೂ ಗಮನಿಸಿ: ವಾಕಿಟಾಕಿಯಲ್ಲಿ ಹೆನ್ರಿಯ ಮೇಲಧಿಕಾರಿ ಡಿಲೈಲಾ ಮಾತನಾಡಿಸಿದಾಗ ಉತ್ತರ ಕೊಡದೆ ಸುಮ್ಮನಿದ್ದರೆ ಆಟ ಅದನ್ನೂ ಒಂದು ಉತ್ತರವೆಂದು ಸ್ವೀಕರಿಸುತ್ತದೆ.

ಚಿತ್ರಕ್ಕಿಂತ ಮೊದಲು ಸದ್ದನ್ನು ಕೂಡಿಹಾಕಿ. ಹಂಚಿನ ಮೇಲೆ, ಅಡಿಕೆ ಹಾಳೆಯ ಮೇಲೆ, ಬಚ್ಚಲಿನ ಹಿಂದಿನ ತಗಡಿನ ಮೇಲೆ ಬೀಳುವ ಮಳೆಯನ್ನು ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳಿ. ಸಗಣಿ ಸಾರಿಸಿದ ನೆಲದ ಹೆಜ್ಜೆ, ಮರದ ಮೆಟ್ಟಿಲ ಹೆಜ್ಜೆ, ಒದ್ದೆ ಅಂಗಳದ ಹೆಜ್ಜೆ ಒಂದೇ ಆಗಿ ಕೇಳಿಸಿದರೆ ಎಷ್ಟು ಚಂದದ ಚಿತ್ರವಿದ್ದರೂ ಆಟಗಾರ ಅಲ್ಲಿ ನಿಂತಿದ್ದೇನೆಂದು ನಂಬುವುದಿಲ್ಲ. ಪೋಲೆಂಡಿನ ತಂಡವೊಂದು 2014ರಲ್ಲಿ 'ದ ವ್ಯಾನಿಷಿಂಗ್ ಆಫ್ ಈಥನ್ ಕಾರ್ಟರ್' ಆಟಕ್ಕಾಗಿ ನಿಜವಾದ ಬಂಡೆ, ಗೋಡೆಗಳನ್ನು ಎಲ್ಲ ಕೋನಗಳಿಂದ ಛಾಯಾಚಿತ್ರ ತೆಗೆದು, ಅವುಗಳಿಂದಲೇ ಮೂರು ಆಯಾಮದ ಆಕೃತಿಗಳನ್ನು ಪಡೆಯಿತು. ನಿಮ್ಮ ಮನೆಯ ಜಂಬಿಟ್ಟಿಗೆ ಕಟ್ಟೆಯನ್ನು ಮೊಬೈಲ್ ಕ್ಯಾಮೆರಾದಿಂದಲೇ ಹಾಗೆ ಪಡೆಯಬಹುದು. ಬಿಸಿಲಿನ ನೆರಳು ಗಟ್ಟಿಯಾಗಿ ಬೀಳದ ಮೋಡದ ದಿನವನ್ನು ಆರಿಸಿಕೊಳ್ಳಿ.

ಮನೆಯೊಳಗೆ ಇಡುವ ಪ್ರತಿಯೊಂದು ವಸ್ತುವನ್ನೂ ಕೊನೆಯದಾಗಿ ಬಳಸಿದವರು ಯಾರು ಎಂಬುದನ್ನು ನೀವಿಬ್ಬರೂ ಬರೆದಿಟ್ಟುಕೊಳ್ಳಿ. ಗೂಟಕ್ಕೆ ನೇತುಹಾಕಿದ ಕಂಬಳಿ ಕೊಪ್ಪೆ ಒದ್ದೆಯಾಗಿದೆಯೇ, ಒಣಗಿದೆಯೇ ಎಂಬುದರಲ್ಲಿಯೇ ಅಜ್ಜ ಈಗಷ್ಟೇ ಬಂದರೋ, ಬರುವುದನ್ನೇ ನಿಲ್ಲಿಸಿದರೋ ಎಂಬುದು ತಿಳಿಯುವಂತಿರಬೇಕು. ಜಗಲಿಯ ಭಾಗ ಸಿದ್ಧವಾದ ಮೇಲೆ ಆ ಮನೆಯನ್ನು ನೋಡಿರದ ಯಾರನ್ನಾದರೂ ಆಡಲು ಕೂರಿಸಿ. ನೀವು ಹಿಂದೆ ಕುಳಿತು ಒಂದು ಮಾತನ್ನೂ ಆಡದೆ, ಅವರು ಎಲ್ಲಿ ನಿಂತರು, ಏನನ್ನು ನೋಡದೆ ದಾಟಿಹೋದರು ಎಂಬುದನ್ನಷ್ಟೇ ಗುರುತು ಹಾಕಿಕೊಳ್ಳಿ, ಮತ್ತು ಬೆಳಕನ್ನೂ ಸದ್ದನ್ನೂ ಆ ಗುರುತುಗಳಿಗೆ ತಕ್ಕಂತೆ ತಿದ್ದಿ.