ಶಾಸಕರು ಕೇಳಿದ ಮರಳಿನ ರಾಜಧನದ ಲೆಕ್ಕ ಎಲ್ಲಿ ಸಿಗುತ್ತದೆ?

ಉಡುಪಿ ಜಿಲ್ಲೆಯ ಮರಳು, ಕೆಂಪುಕಲ್ಲಿನ ರಾಜಧನದ (ಗಣಿಗಾರಿಕೆಗೆ ಸರ್ಕಾರ ಪಡೆಯುವ ಹಣ) ಬಗ್ಗೆ ನಿಮ್ಮ ಶಾಸಕರು ವಿಧಾನಸಭೆಯಲ್ಲಿ ಕೇಳಿದ ಪ್ರಶ್ನೆಯ ಉತ್ತರ ಕಲಾಪದ ವಿಡಿಯೊದಲ್ಲಿ ಸಿಗಲಿಲ್ಲ ಎಂದಿದ್ದೀರಿ. ಅದು ಬಹುಶಃ ಚುಕ್ಕೆ ಗುರುತಿಲ್ಲದ ಪ್ರಶ್ನೆ. ಅಂಥ ಪ್ರಶ್ನೆಗೆ ಸಚಿವರು ಲಿಖಿತವಾಗಿ ಮಾತ್ರ ಉತ್ತರಿಸುತ್ತಾರೆ, ಸದನದಲ್ಲಿ ಚರ್ಚೆಯಾಗುವುದಿಲ್ಲ. ವಿಡಿಯೊದಲ್ಲಿ ನಿಮಗೆ ಕಾಣದಿರುವುದು ಅದಕ್ಕೇ ಇರಬೇಕು.

ಮೊದಲು ಶಾಸಕರ ಕಚೇರಿಯಲ್ಲಿ ಪ್ರಶ್ನೆಯ ಸಂಖ್ಯೆ ಮತ್ತು ಉತ್ತರಿಸಿದ ದಿನಾಂಕ ಕೇಳಿ. ಉತ್ತರದ ಪ್ರತಿ ಅವರಲ್ಲೇ ಇರುತ್ತದೆ. ಅನುಬಂಧವನ್ನು ಮರೆಯದೆ ಪಡೆಯಿರಿ, ಅಂಕಿಗಳೆಲ್ಲ ಇರುವುದು ಅಲ್ಲಿಯೇ. ಅಲ್ಲಿ ಸಿಗದಿದ್ದರೆ ವಿಧಾನಸಭೆಯ ಜಾಲತಾಣದಲ್ಲಿ ಆ ದಿನಾಂಕ ಹಿಡಿದು ಹುಡುಕಿ.

ನಿಮ್ಮ ಊರಿಗೆ ಮೀಸಲಾದ ಹಣವನ್ನು ಬಜೆಟ್ ಪುಸ್ತಕದಲ್ಲಿ ಹುಡುಕಿ ದಣಿಯಬೇಡಿ. ರಾಜಧನ ರಾಜ್ಯದ ಸಂಚಿತ ನಿಧಿಗೆ, ಅಂದರೆ ಸರ್ಕಾರದ ಮುಖ್ಯ ಖಾತೆಗೆ, ಸೇರುತ್ತದೆ; ಗಣಿಗಾರಿಕೆಯಿಂದ ತೊಂದರೆಗೊಳಗಾದ ಊರುಗಳಿಗೆ ಮೀಸಲಾದ ಹಣವಿರುವುದು ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ. ಎರಡೂ ಬೇರೆ ಬೇರೆ ಲೆಕ್ಕ. ಹೊಳೆ ಅಗೆದು ದಂಡೆ ಕುಸಿದ ಊರಿನವರು ಎರಡನೆಯದನ್ನು ಕೇಳಲೇಬೇಕು.

ಅದಕ್ಕೆ ಮಣಿಪಾಲದ ಜಿಲ್ಲಾ ಕಚೇರಿಗಳ ಸಂಕೀರ್ಣ ರಜತಾದ್ರಿಯಲ್ಲಿರುವ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆಗುತ್ತದೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ನಾನು ಮೂರು ವಿಷಯ ಸೇರಿಸಿದ್ದ ಅರ್ಜಿ ಹಿಂದಕ್ಕೆ ಬಂದಿತ್ತು. ಆದ್ದರಿಂದ "ಇಂಥ ವರ್ಷ ಪ್ರತಿಷ್ಠಾನಕ್ಕೆ ಬಂದ ಮೊತ್ತ ಮತ್ತು ನಮ್ಮ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ಅದರಿಂದ ಮಾಡಿದ ವೆಚ್ಚ" ಎಂದಷ್ಟೇ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.